ಅಮ್ಮಾಜಮ್ಮನ ಬಾವಿಯ ಮೀನು

ಕತ್ತಿನ ಹಿಂದೆ ಕುಡುಗೋಲಿನ ಮೊನೆ ಚುಚ್ಚಿತು.

"ಅಲ್ಲಾಡಬೇಡಣ್ಣಾ. ಕೈಲಿರೋ ಕವರು ಮೆಲ್ಲಗೆ ಕೆಳಗಿಡು."

ಕೇಳಿ ಸಾರ್, ಮಟಮಟ ಮಧ್ಯಾಹ್ನ... ಉರಿಗಾಂನ ಒಂದು ಹಿತ್ತಲು. ಮುಂದೆ ಬಾವಿ, ಹಿಂದೆ ವಿಜಯಕುಮಾರ್. ಬಂಗಾರಪೇಟೆಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಆಸಾಮಿ. ಅವನು ಬಾವಿಗೆ ಬಲೆ ಬಿಟ್ಟು ಬಾಚಿದ್ದ ಮೀನುಗಳನ್ನು ಆಗಷ್ಟೇ ನೀರು ತುಂಬಿದ ಕವರಿನ ಸಮೇತ ಕಿತ್ತುಕೊಂಡಿದ್ದೆ. ಬೆರಳುದ್ದದ ಮೀನು. ಮೈಯೆಲ್ಲ ಕಪ್ಪು, ಪಕ್ಕೆಯಲ್ಲಿ ಕೆಂಡದ ಬಣ್ಣದ ಗೆರೆ!

ಪ್ರಪಂಚದಲ್ಲಿ ಈ ಬಾವಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ನಾನು ಹೇಳಿದ್ದಲ್ಲ, ಇಂದ್ರಾಣಿ ಮೇಡಂ ಹೇಳಿದ್ದು. ಮೀನಿನ ವಿಜ್ಞಾನಿ. ಬೇತಮಂಗಲದವರೆಗೂ ಇರೋಬರೋ ಬಾವಿಗಳನ್ನೆಲ್ಲ ಜಾಲಾಡಿದ್ದರು. ಮೊದಲ ಮೀನು ಸಿಕ್ಕಿದ್ದು ಮನೆಯೊಡತಿ ಅಮ್ಮಾಜಮ್ಮನ ಬಿಂದಿಗೆಯಲ್ಲಿ. ಹಾಗಾಗಿ ಮೀನಿಗೆ ಆಕೆಯ ಹೆಸರನ್ನೇ ಇಡುವವರಿದ್ದರು. ಆ ಹೆಸರು ವಿಜ್ಞಾನದ ಜರ್ನಲ್‌ನಲ್ಲಿ ಅಚ್ಚಾಗುವವರೆಗೆ ಕಾನೂನಿನ ಲೆಕ್ಕದಲ್ಲಿ ಅಂಥ ಮೀನೇ ಇಲ್ಲ. ಕದ್ದರೆ ಕೇಸೂ ಇಲ್ಲ! ಅಲ್ಲಿಯವರೆಗೆ ಬಾವಿ ಕಾಯಲು ನನ್ನನ್ನು ಇಟ್ಟಿದ್ದರು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಚಿನ್ನ ಕಾದವನು ನಾನು. ಮೀನು ಯಾವ ಲೆಕ್ಕ ಅಂದುಕೊಂಡಿದ್ದೆ.

"ಚೆನ್ನೈನಲ್ಲಿ ಗಿರಾಕಿ ಕಾಯ್ತಾವ್ನೆ," ಅಂದ ವಿಜಯಕುಮಾರ್. "ಗಾಜಿನ ತೊಟ್ಟಿ, ಒತ್ತೊತ್ತಿಗೆ ಊಟ. ಮಾರಾಜರಂಗೆ ಇರ್ತವೆ."

ಕವರು ಇಡುವಂತೆ ಬಗ್ಗಿದೆ...

ಮೊಣಕೈ ಹಿಂದಕ್ಕೆ ಬೀಸಿದೆ. ಅವನ ಮೂಗು ಲಟಕ್ಕೆಂದಿತು! ಕುಡುಗೋಲು ನನ್ನ ಭುಜ ಸೀಳಿತು. ಅವನು ಓಟ ಕಿತ್ತ. ಕವರನ್ನು ಸದ್ದಿಗೆ ಓಡಿಬಂದ ಅಮ್ಮಾಜಮ್ಮನ ಕೈಗೆ ತುರುಕಿ ಬೆನ್ನಟ್ಟಿದೆ. ಗಣಿ ಮಣ್ಣಿನ ದಿಬ್ಬದ ಹತ್ತಿರ ಅವನು ಬೈಕ್ ಹತ್ತುವಷ್ಟರಲ್ಲಿ ಕಾಲರ್ ಸಿಕ್ಕಿತು. ಬೈಕಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಇನ್ನೊಂದು ಸಲ ಉರಿಗಾಂ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಅಂದು ಬಿಟ್ಟು ಕಳಿಸಿದೆ.

ವಾಪಸ್ ಬಂದು ಕವರು ಬಿಚ್ಚಿದೆ. ಒಂದನ್ನೂ ಬಿಡದೆ ಎಲ್ಲ ಮೀನನ್ನೂ ಬಾವಿಗೇ ಸುರಿದೆ. ಹೆಮ್ಮೆಯಾಗಿತ್ತು ಸಾರ್, ಸುಳ್ಳು ಯಾಕೆ ಹೇಳಲಿ!

ಸಂಜೆ ಮೇಡಂ ಫೋನು. ಹೆಸರು ಅಚ್ಚಾಗಿದೆಯಂತೆ. ಬೆಂಗಳೂರಿನಿಂದ ದೊಡ್ಡವರನ್ನು ಕರೆದುಕೊಂಡು ನಾಳೆಯೇ ಬರುತ್ತಾರಂತೆ. ಅಮ್ಮಾಜಮ್ಮನಿಗೆ ಹೇಳಿದೆ. ಆಕೆ ನಾಚಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಬೆಳಿಗ್ಗೆ ಭುಜಕ್ಕೆ ಡ್ರೆಸ್ಸಿಂಗ್ ಮಾಡಿಸಲು ಆಸ್ಪತ್ರೆಗೆ ಹೋದೆ. ಬಂದು ನೋಡಿದರೆ ಹಿತ್ತಲು ಗುಡಿಸಿ ಸಾರಿಸಿ ರಂಗೋಲಿ ಇಟ್ಟಿದೆ. ಬಾವಿಕಟ್ಟೆಗೆ ಸುಣ್ಣ ಬಳಿದಿದೆ. ಅಮ್ಮಾಜಮ್ಮ ರೇಷ್ಮೆ ಸೀರೆ ಉಟ್ಟು ನಿಂತಿದ್ದಾಳೆ.

ಒಂದು ಘಾಟು ಮೂಗಿಗೆ ಬಡಿಯಿತು.

"ಏನಕ್ಕಾ ಈ ವಾಸನೆ?"

"ದೊಡ್ಡೋರು ಬತ್ತಾವ್ರಲ್ಲಪ್ಪಾ, ನಮ್ಮ ಬಾವಿ ನೀರೇ ಕುಡಿಯಾಕೆ ಕೊಡ್ಬೇಕಲ್ಲ. ವಾಟರ್‌ಮ್ಯಾನ್ ಸೆಲ್ವರಾಜ್‌ಗೆ ಏಳಿ ಬ್ಲೀಚಿಂಗ್ ಪೌಡರ್ ಆಕಿಸ್ದೆ. ನನ್ನೆಸ್ರಿನ ಮೀನು ಗಲೀಜು ನೀರಲ್ಲಿ ಇರ್ಬಾರ್ದು ಅಂತ."

ಬಾವಿಗೆ ಬಗ್ಗಿದೆ...

ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು!

ಕೊಡದಲ್ಲಿ, ಬಲೆಯಲ್ಲಿ, ಕೈಯಲ್ಲಿ ಎತ್ತಿದೆವು. ಒಂದೂ ಮಿಸುಕಲಿಲ್ಲ. ಅಷ್ಟರಲ್ಲಿ ಕಾರುಗಳು ಬಂದು ನಿಂತವು. ಇಂದ್ರಾಣಿ ಮೇಡಂ ಬಾವಿ ನೋಡಿ ಕಟ್ಟೆಯ ಮೇಲೆ ಕುಸಿದು ಕುಳಿತರು. ಹಸಿ ಸುಣ್ಣ ಅವರ ಸೀರೆಗೆ ಮೆತ್ತಿಕೊಂಡಿತು. ಅಮ್ಮಾಜಮ್ಮನಿಗೆಂದು ತಂದಿದ್ದ ಹಾರ ಕಾರಿನಲ್ಲೇ ಉಳಿಯಿತು.

"ನಾನೇ ಸಾಯಿಸ್ಬುಟ್ನಾ ತಾಯಿ?" ಅಂತ ಅಮ್ಮಾಜಮ್ಮ ಕೇಳಿದಳು.

ಎಲ್ಲರೂ ಹೋದ ಮೇಲೆ ವಿಜಯಕುಮಾರ್ ಬಂದ. ಮೂಗಿಗೆ ಪ್ಲಾಸ್ಟರ್. ಬೈಕಿನ ಕೀ ಕೇಳಲು ಬಂದವನು ಬಾವಿಗೆ ಇಣುಕಿದ. ಆಮೇಲೆ ನನ್ನ ಕಡೆ ತಿರುಗಿದ.

"ನಂಗೆ ಬಿಟ್ಟಿದ್ರೆ ಬದುಕಿರ್ತಿದ್ವಲ್ಲಣ್ಣಾ."

ನಿಜ ಸಾರ್, ಅವನು ಹೇಳಿದ್ದು ನೂರಕ್ಕೆ ನೂರು ನಿಜ.

ಅದಕ್ಕೇ ಅದೇ ಮೂಗಿಗೆ ಇನ್ನೊಂದು ಬಾರಿಸಿದೆ.