ಮಾತಾಡದ ಬಾಚಲೆಯೂ ಆನೆಯಷ್ಟಾದ ಗಿಳಿಯೂ

ಬಹಳ ಹಿಂದೆ, ಹಕ್ಕಿಗಳು ಮನುಷ್ಯರ ಭಾಷೆಯನ್ನೇ ಆಡುತ್ತಿದ್ದ ಕಾಲದಲ್ಲಿ, ನೀಲವಾಡಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಸುದ್ದಿ ಹೇಳುವುದು ಹಕ್ಕಿಗಳ ಕೆಲಸ. ಅರಮನೆಯ ಗೋಪುರದ ಮೇಲೆ ಒಂದು ಗಿಳಿ, ಸಂತೆಬೀದಿಯ ಕಂಬದ ಮೇಲೆ ಒಂದು ಗೊರವಂಕ. ಸುದ್ದಿ ಕೇಳಿದವರು ಒಂದು ಹಿಡಿ ಕಾಳು ಹಾಕಬೇಕು. ಸುದ್ದಿ ಚೆನ್ನಾಗಿದ್ದರೆ ಎರಡು ಹಿಡಿ. ಚೆನ್ನಾಗಿದ್ದರೆ ಅಂದರೆ ಒಳ್ಳೆಯ ಸುದ್ದಿ ಎಂದಲ್ಲ. ಕೇಳಿದವರು ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವಂಥ ಸುದ್ದಿ ಎಂದು ಅರ್ಥ.

ಆ ರಾಜ್ಯದಲ್ಲಿ ಧೂಮಕೇಶನೆಂಬ ಮಾಟಗಾರನಿದ್ದ. ಅವನ ತಲೆಯ ಮೇಲೆ ಕೂದಲಿನ ಬದಲು ಹೊಗೆ ಇತ್ತು. ತನಗಾಗದವರನ್ನು ಅವನು ಕಲ್ಲು ಮಾಡುತ್ತಿದ್ದ. ಕಲ್ಲಾದವರು ಮತ್ತೆ ಮನುಷ್ಯರಾಗಲು ಒಂದೇ ದಾರಿ. ನ್ಯಾಯಪೀಠದಲ್ಲಿ ಕೂತವರು ವಿಚಾರಣೆ ಮಾಡಿ 'ಇದು ಅನ್ಯಾಯ' ಎಂದು ತೀರ್ಪು ಕೊಡಬೇಕು. ತೀರ್ಪಿನ ಮುಂದೆ ಯಾವ ಮಾಟವೂ ನಿಲ್ಲುತ್ತಿರಲಿಲ್ಲ. ಆದರೆ ಹಳೆಯ ನ್ಯಾಯಾಧಿಪತಿ ತೀರಿಕೊಂಡು ಪೀಠ ಖಾಲಿಯಾಗಿತ್ತು. ಅದು ಹಾಗೆಯೇ ಖಾಲಿ ಇರಲಿ ಎಂಬುದು ಧೂಮಕೇಶನ ಆಸೆ. ಯಾಕೆಂದರೆ ಪೀಠ ಖಾಲಿ ಇದ್ದಷ್ಟು ದಿನ ಅವನನ್ನು ಕೇಳುವವರಿಲ್ಲ.

ರಾಣಿ ಮಲ್ಲಲದೇವಿ ಆ ಪೀಠಕ್ಕೆ ಬಾಚಲೆ ಎಂಬ ಹೆಂಗಸಿನ ಹೆಸರು ಹೇಳಿದಳು. ರಾಣಿ ಹೇಳಿದರಷ್ಟೇ ಸಾಲದು. ಒಪ್ಪಿಗೆಯಿದ್ದ ಮನೆಯವರು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಬೇಕು, ಒಪ್ಪದವರು ಬೇವಿನ ಸೊಪ್ಪು. ಹುಣ್ಣಿಮೆಯ ಸಂಜೆ ಮಾವು ಹೆಚ್ಚಿದ್ದರೆ ನ್ಯಾಯಮಂದಿರದ ಬಾಗಿಲು ತಾನಾಗಿಯೇ ತೆರೆಯುತ್ತದೆ. ಬೇವು ಹೆಚ್ಚಿದ್ದರೆ ಆನೆ ಕಟ್ಟಿ ಎಳೆದರೂ ತೆರೆಯುವುದಿಲ್ಲ. ಅಲ್ಲಿಯವರೆಗೆ ಹೆಸರು ಬಂದವರು ಆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಹಗಲೆಲ್ಲ ಕೂತಿರಬೇಕು, ಒಂದು ಮಾತೂ ಆಡಬಾರದು. ತನ್ನ ಪರವಾಗಿ ತಾನೇ ವಾದ ಮಾಡುವವರು ಪೀಠಕ್ಕೆ ತಕ್ಕವರಲ್ಲ ಎಂದು ಹಿರಿಯರು ಮಾಡಿಟ್ಟ ಪದ್ಧತಿ ಅದು.

ಬಾಚಲೆ ಬಂದು ಮೆಟ್ಟಿಲ ಮೇಲೆ ಕೂತಳು. ಕೂಡಲೇ ಗಿಳಿ ಕೂಗಿತು: "ಕೇಳಿರಿ, ಕೇಳಿರಿ! ಬಾಚಲೆ ಇವತ್ತು ಎರಡು ಸಲ ನೀರು ಕುಡಿದಳು! ಅಷ್ಟೊಂದು ಬಾಯಾರಿಕೆ ಯಾಕೆ?"

ಗೊರವಂಕ ಕೂಗಿತು: "ಬಾಚಲೆ ಮೂಗು ತುರಿಸಿಕೊಂಡಳು! ತಪ್ಪು ಮಾಡದವರು ಮೂಗು ತುರಿಸಿಕೊಳ್ಳುತ್ತಾರೆಯೇ?"

ಜನ ಕಾಳು ಹಾಕಿದರು. ಆಗ ಧೂಮಕೇಶನೂ ಬಂದು ಎರಡು ಹಕ್ಕಿಗಳಿಗೂ ಸೇರಿ ಒಂದು ಹಿಡಿ ಮಾಟದ ಕಾಳು ಹಾಕಿ ಹೋದ. ಅದನ್ನು ತಿಂದ ಹಕ್ಕಿ, ಸುದ್ದಿಯನ್ನು ಹಿಗ್ಗಿಸಿದಷ್ಟೂ ತಾನೂ ಹಿಗ್ಗುತ್ತಿತ್ತು. ಗೊರವಂಕ, "ಬಾಚಲೆ ತನ್ನ ತಮ್ಮನ ಮಗುವಿಗೆ ಹಾಲಿಲ್ಲದಂತೆ ಮಾಡಿದಳು!" ಎಂದು ಕೂಗಿ ಕರುವಿನಷ್ಟು ದೊಡ್ಡದಾಯಿತು. ಗಿಳಿ ಅದನ್ನು ಕೇಳಿಸಿಕೊಂಡು, "ಆ ಮಗು ಹಸಿವಿನಿಂದ ಸತ್ತೇಹೋಯಿತು!" ಎಂದು ಕೂಗಿ ಆನೆಯಷ್ಟಾಯಿತು. ಅದರ ದನಿಗೆ ಮನೆಮನೆಯ ಹೆಂಚು ಅದುರಿತು. ಬಾಚಲೆ ಮಾತಾಡಲಿಲ್ಲ. ಮಾತಾಡುವಂತಿರಲಿಲ್ಲ. ಆದರೆ ಆ ಪದ್ಧತಿ ಗೊತ್ತಿದ್ದ ಜನರೇ, "ನೋಡಿ, ಬಾಯಿ ಬಿಡ್ತಾಳಾ?" ಎಂದರು. ಬೀದಿಯೆಲ್ಲ ಬೇವಾಯಿತು.

ಅದೇ ಊರಿನಲ್ಲಿ ಸಾತವ್ವ ಎಂಬ ಹುಡುಗಿ ಜೊಂಡಿನ ಚಾಪೆ ಹೆಣೆದು ಬದುಕುತ್ತಿದ್ದಳು. ಅವಳ ತಮ್ಮ ಕೇತ, ಜೊಂಡು ಬೆಳೆಯುವ ಕೆರೆಯಂಗಳವನ್ನು ಬಿಟ್ಟುಕೊಡುವುದಿಲ್ಲ ಎಂದದ್ದಕ್ಕೆ ಧೂಮಕೇಶ ಅವನನ್ನು ಕಲ್ಲು ಮಾಡಿದ್ದ. ಕಲ್ಲಾದವರು ಮೂರು ಹುಣ್ಣಿಮೆ ದಾಟಿದರೆ ಎಂದೆಂದಿಗೂ ಕಲ್ಲೇ. ಈಗ ಬರುವುದು ಮೂರನೆಯ ಹುಣ್ಣಿಮೆ.

ಸಾತವ್ವ ಒಂದು ಕೈಯಲ್ಲಿ ಮಾವು, ಇನ್ನೊಂದು ಕೈಯಲ್ಲಿ ಬೇವು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ದೇಕಬ್ಬೆ ಬೈದಳು: "ಮಾವು ಕಟ್ಟೇ ಹುಚ್ಚಿ. ತಮ್ಮ ಬೇಡವಾ ನಿನಗೆ?"

"ಬೇಕು ದೇಕಕ್ಕ. ಆದ್ರೆ ಮಗು ಕೊಂದವಳು ಎಂಥಾ ನ್ಯಾಯ ಹೇಳ್ತಾಳೆ?"

"ಹಾಗಾದ್ರೆ ಬೇವು ಕಟ್ಟು."

"ಕೊಂದೇ ಇಲ್ಲದಿದ್ರೆ?"

"ಇದೊಳ್ಳೆ ಕತೆಯಾಯ್ತಲ್ಲ! ಅದೂ ಅಲ್ಲ, ಇದೂ ಅಲ್ಲ. ಏನು ಮಾಡ್ತೀಯ?"

"ಕೇಳ್ಕೊಂಡು ಬರ್ತೀನಿ," ಎಂದು ಸಾತವ್ವ ಎರಡೂ ಸೊಪ್ಪನ್ನು ಹೊಸ್ತಿಲ ಮೇಲಿಟ್ಟು ಹೊರಟಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ಕಾಲದ ಹಕ್ಕಿಗಳು ಸುದ್ದಿಗೆ ಬಣ್ಣ ಕಟ್ಟುತ್ತಿದ್ದವು, ಆದರೆ ಎದುರು ನಿಂತು "ನೀನೇ ಕಣ್ಣಾರೆ ಕಂಡೆಯಾ?" ಎಂದು ಕೇಳಿದರೆ ಸುಳ್ಳು ಹೇಳಲಾರವು. ಅದು ಅವುಗಳ ಹುಟ್ಟುಗುಣ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ಮುಂದಿನ ಸುದ್ದಿ ತಪ್ಪಿಹೋದೀತೆಂಬ ಆತುರ.

ಸಾತವ್ವ ಮೊದಲು ಅರಮನೆಯ ಗೋಪುರ ಹತ್ತಿದಳು. ಗಿಳಿ ರೆಕ್ಕೆ ಬಡಿದರೆ ಬಿರುಗಾಳಿ ಏಳುತ್ತಿತ್ತು. ಅವಳು ಜೊಂಡಿನ ಹಗ್ಗದಿಂದ ತನ್ನನ್ನು ಕಲ್ಲುಕಂಬಕ್ಕೆ ಕಟ್ಟಿಕೊಂಡು ಕೂಗಿದಳು: "ಗಿಳಿಯೇ, ಮಗು ಸತ್ತದ್ದನ್ನು ನೀನೇ ಕಣ್ಣಾರೆ ಕಂಡೆಯಾ?"

ಗಿಳಿ ಕೊಕ್ಕು ತೆರೆಯಿತು, ಮುಚ್ಚಿತು. "ಇಲ್ಲ," ಎಂದಿತು. "ಹಾಲಿಲ್ಲ ಅಂತ ಗೊರವಂಕ ಹೇಳಿತು. ಹಾಲಿಲ್ಲದ ಮಗು ಸಾಯದೆ ಇನ್ನೇನಾಗುತ್ತದೆ ಎಂದುಕೊಂಡೆ." ಹೇಳುತ್ತಾ ಹೇಳುತ್ತಾ ಅದು ಕುಗ್ಗಿ, ಕೊನೆಗೆ ಅಂಗೈಯಗಲದ ಗಿಳಿಯಾಯಿತು.

ಸಾತವ್ವ ಎರಡನೆಯದಾಗಿ ಸಂತೆಬೀದಿಗೆ ಹೋದಳು. ಅಲ್ಲಿ ಗೊರವಂಕದ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. "ದಾರಿ ಬಿಡಿ, ಒಂದು ಮಾತು ಕೇಳಬೇಕು," ಎಂದಳು.

"ಕೇಳೋದೇನಿದೆ? ಬಾಚಲೆ ಎಷ್ಟು ಕೊಟ್ಟಳು ನಿನಗೆ?" ಎಂದು ಬಳೆ ಮಾರುವವನು ಹಂಗಿಸಿದ.

ಯಾರೂ ದಾರಿ ಬಿಡಲಿಲ್ಲ. ತಳ್ಳಿದರೆ ಮರುತಳ್ಳಿದರು. ಆಗ ಸಾತವ್ವ ನಿಂತಲ್ಲಿಂದಲೇ, "ಆಯಿತು ಬಿಡಿ ಅಣ್ಣ. ಸತ್ತ ಮಗುವಿನ ಹೆಸರೇನು, ಅದನ್ನಾದರೂ ಹೇಳಿ," ಎಂದಳು.

"ಹೆಸರಾ? ಅದೇನೋ... ಪಾಪ, ಹೆಣ್ಣು ಕೂಸು."

"ಹೆಣ್ಣಲ್ಲ ಮಾರಾಯ, ಗಂಡು!" ಎಂದಳು ಹೂವಿನವಳು.

"ಹೆಣ್ಣೇ! ನಾನು ಅತ್ತಿದ್ದೀನಿ ಅದಕ್ಕೆ!"

"ನಾನೂ ಅತ್ತಿದ್ದೀನಿ, ಗಂಡಿಗೆ!"

ಜಗಳ ಹತ್ತಿತು. ನಿಜಕ್ಕೂ ಹೆಸರೇನು ಎಂದು ಎಲ್ಲರಿಗೂ ಕುತೂಹಲವಾಯಿತು. ಅವರೇ ಸಾತವ್ವನನ್ನು ಮುಂದಕ್ಕೆ ನೂಕಿ, "ಕೇಳಮ್ಮ, ಕೇಳು," ಎಂದರು. ಸಾತವ್ವ, "ಗೊರವಂಕವೇ, ನೀನೇ ಕಣ್ಣಾರೆ ಕಂಡೆಯಾ?" ಎಂದಳು.

"ಇಲ್ಲ," ಎಂದಿತು ಗೊರವಂಕ. "ಬಾಚಲೆಯ ತಮ್ಮ ಬೊಪ್ಪಣ್ಣ ನನ್ನ ಕಂಬದ ಕೆಳಗೆ ನಿಂತು ಬೈದುಕೊಂಡ. ಅಕ್ಕನಿಂದ ನನ್ನ ಮನೆಯ ಹಾಲು ಹೋಯಿತು ಅಂದ. ಅಷ್ಟನ್ನೇ ಹೇಳಿದಾಗ ಯಾರೂ ಕಾಳು ಹಾಕಲಿಲ್ಲ. ಮಗು ಅಂತ ಸೇರಿಸಿದೆ." ಅದೂ ಮುಷ್ಟಿಯಷ್ಟಾಗಿ ಕಂಬದ ಹಿಂದೆ ಅಡಗಿತು. ಜನ ಮಾತ್ರ, "ಹಾಲು ಹೋದದ್ದಂತೂ ನಿಜ ತಾನೇ?" ಎಂದು ಬೇವನ್ನು ಬಿಚ್ಚಲಿಲ್ಲ.

ಹಾಗಾಗಿ ಸಾತವ್ವ ಮೂರನೆಯದಾಗಿ ಬೊಪ್ಪಣ್ಣನ ಹಳ್ಳಿಗೆ ನಡೆದಳು. ದಾರಿಯಲ್ಲಿ ಸಿಕ್ಕವರೆಲ್ಲ, "ಅವನ ಬಾಗಿಲಲ್ಲಿ ಧೂಮಕೇಶನ ಹುಲಿ ಇದೆಯಂತೆ, ಹೋಗಬೇಡ," ಎಂದರು. ಹುಲಿ ಇತ್ತು, ನಿಜ. ಅದರ ಗರ್ಜನೆ ಕೇಳಿ ಅವಳು ತಟ್ಟನೆ ನಿಂತಳು. ಆದರೂ ಇನ್ನೊಂದು ಹೆಜ್ಜೆ ಹತ್ತಿರದಿಂದ ನೋಡೋಣ ಎಂದು ಮುಂದಿಟ್ಟಳು, ಮತ್ತೊಂದು ಇಟ್ಟಳು. ಹತ್ತಿರ ಹೋದಂತೆ ಹುಲಿಯ ಪಟ್ಟೆಗಳು ತೆಳ್ಳಗಾದವು. ಅದು ಬರೀ ಹೊಗೆ. ಅವಳು ಅದರೊಳಗಿಂದಲೇ ಕೆಮ್ಮುತ್ತಾ ನಡೆದುಹೋದಳು.

ಒಳಗೆ ಬೊಪ್ಪಣ್ಣ ಗುಂಡುಗುಂಡಾದ ಗಂಡುಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಗಿ ಗಂಜಿ ಕುಡಿಸುತ್ತಿದ್ದ.

"ಅಣ್ಣ, ಇದು ನಿಮ್ಮ ಮಗುವಾ?"

"ಮತ್ತೆ ನಿನ್ನದಾ?"

"ಊರಲ್ಲಿ ಇದು ಸತ್ತುಹೋಗಿದೆ."

ಬೊಪ್ಪಣ್ಣನ ಕೈಯಿಂದ ಬಟ್ಟಲು ಜಾರಿತು. ಆಮೇಲೆ ಅವನು ನಡೆದದ್ದನ್ನು ಹೇಳಿದ. ಅವನ ಹಸು ಒಬ್ಬ ವಿಧವೆಯ ಹೊಲ ಮೇಯ್ದಿತ್ತು. ಪಂಚಾಯಿತಿಯಲ್ಲಿ ಕೂತಿದ್ದ ಬಾಚಲೆ, ಮುಂದಿನ ಬೆಳೆ ಬರುವ ತನಕ ಆ ಹಸುವಿನ ಹಾಲು ವಿಧವೆಗೇ ಸೇರಬೇಕು ಎಂದಿದ್ದಳು. "ಅಕ್ಕ ಅಂದ್ರೆ ಅಕ್ಕನ ಹಾಗೆ ಇರಬೇಕು ತಾನೇ? ಸ್ವಂತ ತಮ್ಮನಿಗೆ ಹೀಗಾ ಮಾಡೋದು? ನಾನು ಬೇವೇ ಕಟ್ಟೋನು, ಈಗಲೂ. ಆದ್ರೆ ನನ್ನ ಮಗ ಸತ್ತ ಅಂತ ಯಾವನಂದದ್ದು? ನಡಿ, ತೋರಿಸ್ತೀನಿ."

ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ನೀಲವಾಡಿಯ ಬೀದಿಬೀದಿ ಸುತ್ತಿದ. ಬಳೆಯವನು ಮಗುವಿನ ಕೆನ್ನೆ ಮುಟ್ಟಿ ನೋಡಿದ. ಹೂವಿನವಳು, "ನಾನು ಹೇಳಲಿಲ್ಲವಾ, ಗಂಡು!" ಎಂದಳು. ತಮ್ಮನ ಮುಖ ನೋಡದೆ ತೀರ್ಪು ಕೊಟ್ಟವಳು ಎಂಬ ವಿಷಯವನ್ನು ಬೊಪ್ಪಣ್ಣನೇ ಸಿಟ್ಟಿನಲ್ಲಿ ಮನೆಮನೆಗೆ ಹೇಳಿದ. ಅವನು ದೂರೆಂದು ಹೇಳಿದ್ದನ್ನು ಜನ ಬೇರೆ ರೀತಿ ಕೇಳಿಸಿಕೊಂಡರು. ಬೇವು ಬಿಚ್ಚಿದರು. ಎಲ್ಲರೂ ಅಲ್ಲ, ಆದರೆ ಬೇಕಾದಷ್ಟು ಜನ. ಸಾತವ್ವ ಹೊಸ್ತಿಲ ಮೇಲಿನ ಮಾವನ್ನು ಎತ್ತಿ ಕಟ್ಟುವಷ್ಟರಲ್ಲಿ ಚಂದ್ರ ಹುಟ್ಟಿದ, ನ್ಯಾಯಮಂದಿರದ ಬಾಗಿಲು ತೆರೆಯಿತು.

ಬಾಚಲೆ ಪೀಠದಲ್ಲಿ ಕೂತಳು. ಧೂಮಕೇಶನನ್ನು ಹಿಡಿದು ತಂದರು. "ಅವನ ಮಾತು ಕೇಳಬೇಡಿ! ಶಿಕ್ಷೆ ಕೊಡಿ!" ಎಂದು ಜನ ಕೂಗಿದರು.

ಬಾಚಲೆ ಮೊದಲ ಬಾರಿಗೆ ಬಾಯಿ ತೆರೆದಳು. "ಕೇಳುತ್ತೇನೆ. ಹೇಳಪ್ಪ ನಿನ್ನ ಮಾತು."

"ನಾನು ಹಾಕಿದ್ದು ಒಂದೇ ಹಿಡಿ ಕಾಳು ತಾಯಿ," ಎಂದ ಧೂಮಕೇಶ. "ಮಿಕ್ಕದ್ದೆಲ್ಲ ಇವರು ಹಾಕಿದ್ದು."

ಎಲ್ಲರೂ ತಂತಮ್ಮ ಕಾಲಬೆರಳು ನೋಡಿಕೊಂಡರು.

"ಅದು ನಿಜ," ಎಂದಳು ಬಾಚಲೆ. "ಆದರೆ ಕೇತನನ್ನು ಕಲ್ಲು ಮಾಡಿದವನು ನೀನೊಬ್ಬನೇ. ಅದು ಅನ್ಯಾಯ."

ಧೂಮಕೇಶನ ತಲೆಯ ಹೊಗೆ ಚದುರಿಹೋಯಿತು. ಕೆಳಗೆ ಉಳಿದದ್ದು ಒಬ್ಬ ಸಾಮಾನ್ಯ ಬೋಳುತಲೆಯ ಮುದುಕ. ಅತ್ತ ಕೆರೆಯಂಗಳದಲ್ಲಿ ಕಲ್ಲು ಸೀನಿತು. ಓಡಿಬಂದ ಸಾತವ್ವನನ್ನು ಕಂಡು ಕೇತ ಮೈಮುರಿದು ಕೇಳಿದ: "ಅಕ್ಕ, ಊರಲ್ಲಿ ಏನು ಸುದ್ದಿ?"

ಸಾತವ್ವ ಅಳುತ್ತಲೇ ನಕ್ಕುಬಿಟ್ಟಳು. "ಮನೆಗೆ ನಡಿ. ನಾನು ಕಂಡದ್ದನ್ನಷ್ಟೇ ಹೇಳ್ತೀನಿ."

ಅಕ್ಕತಮ್ಮ ಅಂದಿನಿಂದ ನೆಮ್ಮದಿಯಾಗಿದ್ದರು, ನೀಲವಾಡಿಯ ಜನರೂ ನೆಮ್ಮದಿಯಾಗಿದ್ದರು. ಹಕ್ಕಿಗಳು ಸ್ವಲ್ಪ ಬಡವಾದವು, ಆದರೆ ಹಾರುವುದು ಅವಕ್ಕೆ ಹಗುರವಾಯಿತು.