ಮಗ್ಗ ನಿಂತ ಗಳಿಗೆ

ಆ ಹಾಡನ್ನು ಅವತ್ತು ನಾನು ಕೇಳಲಿಲ್ಲ, ನೋಡಿದೆ.

ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಪವರ್‌ಲೂಮ್ ಶೆಡ್ಡೊಂದರ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಇಪ್ಪತ್ತನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳಿಸದಂಥ ಸದ್ದು. ಅಂಥಲ್ಲಿ ದುಡಿದವರಿಗೆಲ್ಲ ತುಟಿ ಓದಿ ಮಾತಾಡುವುದು ರೂಢಿ. ಮೂರನೇ ಸಾಲಿನಲ್ಲಿ ತಲೆ ನರೆತ ಒಬ್ಬ ಗಂಡಸು ಚಾದರದ ಅಂಚಿನ ಮೇಲೆ ಕಣ್ಣಿಟ್ಟು ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು. ಒಂದು ಸಾಲು ಓದಿದೆ. ಎರಡನೆಯದನ್ನೂ ಓದಿದೆ. ಮೂರನೆಯದಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಸೋಮು!

ಎಂಟು ದಿನದಿಂದ ಆ ಹಾಡು ನನ್ನ ಬೆನ್ನು ಹತ್ತಿತ್ತು. ಮೊದಲು ಮಗಳು ಪ್ರಣಿತಾಳ ಮೊಬೈಲಿನಲ್ಲಿ ಬಂತು. ಇಪ್ಪತ್ತಾರು ವರ್ಷದ ಹಿಂದಿನ ಹಿಂದಿ ಪಾಪ್ ಹಾಡು, ಕ್ಯಾಸೆಟ್ ಕಾಲದ್ದು. ಯಾರೋ ಪುಣ್ಯಾತ್ಮ ಅದಕ್ಕೆ ಹೊಸ ಢೋಲು ಸೇರಿಸಿ ರೀಲ್ಸಿಗೆ ಬಿಟ್ಟಿದ್ದ.

“ಬಂದ್ ಮಾಡ ಅದನ್ನ!” ಎಂದು ನಾನು ಕೂಗಿದ ರಭಸಕ್ಕೆ ಹುಡುಗಿಯ ಕೈಯಿಂದ ಮೊಬೈಲು ಜಾರಿತು.

“ಅಗ ಮಮ್ಮಿ, ಟ್ರೆಂಡಿಂಗ್ ಆಹೆ! ನಿನಗ ಯಾಕ ಇಷ್ಟ ಸಿಟ್ಟ?” ಎಂದಳು, ಅರ್ಧ ಮರಾಠಿಯಲ್ಲಿ.

ಮರುದಿನ ಎದುರಿನ ಅಂಗಡಿಯಲ್ಲಿ ಅದೇ ಹಾಡು. ಎಸ್‌ಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಅದೇ. ಮನೆಯಲ್ಲಿ ಯಾರೂ ಹಚ್ಚದಿದ್ದಾಗಲೂ ಅದೇ. ರೊಟ್ಟಿ ಬಡಿಯುವ ಕೈ ತಂತಾನೇ ಆ ತಾಳ ಹಿಡಿಯುತ್ತಿತ್ತು, ಗೊತ್ತಾದ ಕೂಡಲೇ ಹಿಟ್ಟು ಮುದ್ದೆ ಮಾಡಿ ಎದ್ದುಬಿಡುತ್ತಿದ್ದೆ. ದೆವ್ವ ಮೆಟ್ಟಿದರೆ ಬಿಡಿಸುವವರಿದ್ದಾರೆ. ಹಾಡು ಮೆಟ್ಟಿದರೆ ಯಾರ ಹತ್ತಿರ ಹೋಗುವುದು?

ಅಕ್ಕಲಕೋಟದಲ್ಲಿ ಸ್ವಾಮಿಗಳ ಗುಡಿಯ ಹತ್ತಿರ ನನ್ನದೊಂದು ಟವೆಲ್, ಚಾದರದ ಅಂಗಡಿ. ಗಂಡ ತೀರಿಕೊಂಡು ಆರು ವರ್ಷವಾಯಿತು. ಒಳ್ಳೆಯವನಿದ್ದ, ಸುಳ್ಳು ಹೇಳಬಾರದು. ಮಾಲು ನೋಡಲು ಎಷ್ಟೋ ಸಲ ಸೋಲಾಪುರಕ್ಕೆ ಬಂದಿದ್ದೇನೆ, ಆದರೆ ಶೆಡ್ಡಿನ ಒಳಗೆ ಕಾಲಿಟ್ಟಿರಲಿಲ್ಲ. ಆಫೀಸಿನಲ್ಲೇ ಕೂತು ಸ್ಯಾಂಪಲ್ ತರಿಸಿಕೊಳ್ಳುತ್ತಿದ್ದೆ. ಅವತ್ತು ಆಫೀಸಿಗೆ ಬೀಗ ಹಾಕಿತ್ತು.

ಹತ್ತೊಂಬತ್ತರ ವಯಸ್ಸಿನಲ್ಲಿ ಇದೇ ರಸ್ತೆಯ ಬೇರೊಂದು ಶೆಡ್ಡಿನಲ್ಲಿ ಬಾಬಿನ್ನಿಗೆ ನೂಲು ಸುತ್ತುತ್ತಿದ್ದೆ. ಕೆಟ್ಟ ಮಗ್ಗ ಸರಿಪಡಿಸುವ ಜಾಬರ್ ನಮ್ಮಪ್ಪ, ಖಂಡಪ್ಪ. ನನ್ನ ಎದುರಿನ ಎರಡು ಮಗ್ಗ ಸೋಮುವಿನವು. ಅವನು ಹಾಡಿನ ಒಂದು ಸಾಲು ಹೇಳುವುದು, ನಾನು ಮುಂದಿನದು. ಬಾಯಿ ಬಿಟ್ಟು, ಗಂಟಲೆತ್ತಿ ಹಾಡುತ್ತಿದ್ದೆವು ನೋಡ್ರಿ! ಯಾರಿಗೆ ಕೇಳಿಸಬೇಕು? ನಮ್ಮಿಬ್ಬರ ನಡುವೆಯೇ ಅಪ್ಪ ಸ್ಪ್ಯಾನರ್ ಹಿಡಿದು ಓಡಾಡುತ್ತಿದ್ದ. ಅವನು ಈ ಕಡೆ ತಿರುಗಿದರೆ ನಾನು ಕೆಮ್ಮುವ ನಾಟಕ ಮಾಡುತ್ತಿದ್ದೆ, ಸೋಮು ನಗು ತಡೆಯಲಾರದೆ ಮಗ್ಗದ ಹಿಂದೆ ಬಗ್ಗಿಬಿಡುತ್ತಿದ್ದ. ಮತ್ತೆ ತಲೆ ಎತ್ತಿದಾಗ ಮೊದಲು ಕಾಣುತ್ತಿದ್ದುದು ಅವನ ಕಣ್ಣು, ರೆಪ್ಪೆಯ ಮೇಲೆಲ್ಲ ಹತ್ತಿಯ ಬಿಳಿ ಧೂಳು. ಅದನ್ನು ಒರೆಸಬೇಕೆಂದು ನನ್ನ ಸೆರಗು ಎಷ್ಟು ಸಲ ಕೈಗೆ ಬಂದಿತ್ತೋ.

ಆ ಹಾಡಿನಲ್ಲಿ ಹುಡುಗ ತನ್ನ ಹುಡುಗಿಯ ಹೆಸರು ಹಿಡಿದು ಕರೆಯುವ ಜಾಗ ಒಂದಿದೆ.

“ಆಕಿ ಹೆಸರ ಯಾಕ ಹಿಡೀತಿ? ಆಕಿ ನಿನಗ ಏನಾಗಬೇಕ?” ಎಂದು ಒಂದು ದಿನ ತುಟಿಯಲ್ಲೇ ಜಗಳ ತೆಗೆದೆ.

“ಮತ್ತ ಯಾರದ ಹಿಡೀಲಿ?”

“ನನ್ನದ ಹಿಡಿ. ಧೈರ್ಯ ಇದ್ರ.”

ಅವನು ಹಿಡಿದ. ಮೂರು ದಿನ ಹಿಡಿದ. ನಾಲ್ಕನೇ ದಿನ ಮಧ್ಯಾಹ್ನ ನನ್ನ ನೂಲು ಕಡಿಯಿತು, ತುದಿ ಹುಡುಕಿ ಗಂಟು ಹಾಕಲು ತಲೆ ಬಗ್ಗಿಸಿದೆ. ಅದೇ ಗಳಿಗೆಗೆ ಕರೆಂಟ್ ಹೋಯಿತು. ಅಷ್ಟೂ ಮಗ್ಗ ಒಮ್ಮೆಲೇ ನಿಂತವು. ಸದ್ದಡಗಿದ ಶೆಡ್ಡಿನಲ್ಲಿ ಸೋಮುವಿನ ದನಿಯೊಂದೇ ಉಳಿಯಿತು, “ಛಾಯಾ… ಛಾಯಾ…” ಎಂದು. ಅವನ ದನಿ ಎಷ್ಟು ಇಂಪು ಎಂದು ನನಗೆ ಗೊತ್ತಾದದ್ದೇ ಆಗ.

ಅಪ್ಪ ಸ್ಪ್ಯಾನರ್ ಕೆಳಗಿಟ್ಟ.

“ನೀ ಏನರ ಸಲಿಗಿ ಕೊಟ್ಟೀಯೇನ ಇವನಿಗಿ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ನನಗೇನೂ ಗೊತ್ತಿಲ್ಲಪ್ಪಾ,” ಎಂದೆ. ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. “ಅವನ ನನ್ನ ದಿನಾ ಕಾಡತಾನ,” ಎಂದೂ ಅಂದೆ.

ಸೋಮುವನ್ನು ಹೊಡೆದು ಹೊರಗೆ ಹಾಕಿದರು. ಅವನು ಒಂದು ಮಾತೂ ಆಡಲಿಲ್ಲ. ಎರಡು ತಿಂಗಳಲ್ಲಿ ನನ್ನ ಲಗ್ನವಾಯಿತು. ನೂಲು ಕಡಿಯದಿದ್ದರೆ ನನ್ನ ದನಿಯೂ ಅಲ್ಲಿ ಸಿಕ್ಕಿಬೀಳುತ್ತಿತ್ತು. ಇಪ್ಪತ್ತಾರು ವರ್ಷ ಆ ನೂಲನ್ನು ನೆನೆಯದ ದಿನವಿಲ್ಲ.

ಈಗ ಅವನು ತಲೆ ಎತ್ತಿದ. ನೋಡಿದ. ತುಟಿ ನಿಂತಿತು. ಆಮೇಲೆ ಅವನ ತುಟಿ ಮೆಲ್ಲಗೆ, “ಮಾಲ ನೋಡಾಕ ಬಂದೀರೇನ್ರಿ?” ಎಂದಿತು.

‘ರಿ’ ಅಂತೆ! ಅವನು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಊಟದ ಬಿಡುವಿಗೆ ಮಗ್ಗ ನಿಂತಾಗ ಹೊರಗೆ ಬಂದ. ಗೇಟಿನ ಪಕ್ಕದ ಚಹಾ ಗಾಡಿಯ ಬೆಂಚಿನಲ್ಲಿ ಕೂತೆವು. ನಾನು ನೆಲ ನೋಡುತ್ತ ಏನೋ ಅಂದೆ.

“ಮುಖ ಎತ್ತಿ ಮಾತಾಡ್ರಿ,” ಎಂದ. “ನನ್ನ ಕಿವಿ ಮಗ್ಗ ತಿಂದಾವ. ತುಟಿ ಕಾಣಲಿಲ್ಲಂದ್ರ ತಿಳ್ಯಾಂಗಿಲ್ಲ.”

“ಮತ್ತ ಹಾಡ?”

“ಕೇಳಸಾಂಗಿಲ್ಲ. ಬಾಯಿಗಿ ರೂಢಿ ಆಗ್ಯಾದ. ದನಿ ಬರತದೋ ಇಲ್ಲೋ, ಅದೂ ಗೊತ್ತಿಲ್ಲ.”

“ಈಗ ಮತ್ತ ಎಲ್ಲಾ ಕಡೆ ಅದ ಹಾಡ ಹಚ್ಚಾಕತ್ತಾರ. ಹುಡುಗೋರು ಕುಣೀತಾರ ಅದಕ್ಕ.”

“ಖರೇನ?” ಅವನ ಮುಖ ಅರಳಿತು, ಮೀಸೆಯಡಿ ಆ ಹಳೆಯ ತುಂಟ ನಗು ಸುಳಿಯಿತು. “ಹಂಗಾದ್ರ ನಾವ ಅಷ್ಟೇನ ಮುದುಕರ ಆಗಿಲ್ಲ ಬಿಡ್ರಿ.”

“ನೀ ಆಗೀ. ನಾ ಎಲ್ಲಿ ಆಗೇನಿ?”

ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ರೆಪ್ಪೆಯ ಮೇಲೆ ಈಗಲೂ ಹತ್ತಿಯ ಧೂಳು, ಈಗಲೂ ನಾನು ಒರೆಸುವ ಹಾಗಿಲ್ಲ.

“ಹೆಂಡತಿ ಮಕ್ಕಳ ಆರಾಮದಾರೇನ?” ಎಂದೆ.

ಅವನು ಚಹಾದ ಲೋಟ ತಿರುಗಿಸಿದ. “ಲಗ್ನ ಆಗಿಲ್ಲರಿ. ಅವತ್ತ ಸಂಜಿಮುಂದ ನಿಮ್ಮಪ್ಪ ನಮ್ಮ ಮನಿಗಿ ಬಂದಿದ್ರು. ಹುಡುಗಿ ತನ್ನ ಬಾಯಿಲೇ ಹೇಳ್ಯಾಳ ಅಂದ್ರು. ನಮ್ಮವ್ವ ಬಿರೋಬಾನ ಭಂಡಾರ ಕೈಯಾಗ ಹಿಡದ ಆಣಿ ಮಾಡಿದ್ಲು. ಹೆಣ್ಣಮಕ್ಕಳನ್ನ ಕಾಡಾಂವಗ ಹೆಣ್ಣ ಕೇಳಾಕ ಯಾರ ಹೊಸ್ತಲಾನೂ ತುಳ್ಯಾಂಗಿಲ್ಲ ಅಂತ. ಇವತ್ತಿಗೂ ತುಳಿದಿಲ್ಲ.”

ಭಂಡಾರವೆಂದರೆ ದೇವರ ಅರಿಶಿನ. ಕುರಿ ಕಾಯುವ ನಮ್ಮ ಮಂದಿಯಲ್ಲಿ ಅದನ್ನು ಹಿಡಿದು ಆಡಿದ ಮಾತಿಗೆ ಎರಡಿಲ್ಲ.

“ನೀ ಯಾಕ ಖರೆ ಹೇಳಲಿಲ್ಲೋ?”

“ಹೇಳಿದ್ರ ಖಂಡಪ್ಪ ಜಾಬರ ನಿಮ್ಮನ್ನ ಬಿಡತಿದ್ದನೇನ?” ಅಷ್ಟು ಹೇಳಿ ಚಹಾ ಕುಡಿದ.

ನಾನು ಒಂದು ಸುಳ್ಳು ಹೇಳಿ ಸಂಸಾರ ಮಾಡಿದೆ, ಮಗಳನ್ನು ಹಡೆದೆ, ಅಂಗಡಿ ಹಾಕಿದೆ. ಇವನು ಆ ಸುಳ್ಳಿನೊಳಗೇ ಕೂತು ಮುದುಕನಾದ. ಅವನ ಮುಂದೆ ಎಷ್ಟು ಅತ್ತರೂ ಅದು ತೀರುವಂಥದ್ದಲ್ಲ. ಸುಳ್ಳನ್ನು ನಂಬಿದವಳು ಇನ್ನೂ ಬದುಕಿದ್ದಾಳೆ, ಅವಳ ಮುಂದೆ ಹೇಳಬೇಕು.

“ನಿಮ್ಮವ್ವನ ಕಡೆ ಕರ್ಕೊಂಡ ಹೋಗ,” ಎಂದೆ.

“ಬ್ಯಾಡ್ರಿ. ಆಕಿಗಿ ಎಂಬತ್ತ ದಾಟ್ಯಾವ. ನಿಮ್ಮನ್ನ ಏನರ ಅಂದ್ರ…”

“ಅನ್ನಲಿ.”

ಅವನ ಮನೆ ಹಿಂದಿನ ಗಲ್ಲಿಯಲ್ಲಿತ್ತು. ದಾರಿಯುದ್ದಕ್ಕೂ ಆ ಹಾಡು ನನ್ನ ತಲೆಯಲ್ಲಿ ಸುತ್ತುತ್ತಿತ್ತು, ಹೆಸರಿನ ಜಾಗಕ್ಕೆ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಅವನ ತಾಯಿ ಸುಗಲಾಬಾಯಿ ಹೊಸ್ತಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಹಣೆ ತುಂಬ ಭಂಡಾರ.

“ಯಾರವಾ ನೀ?”

“ಖಂಡಪ್ಪ ಜಾಬರನ ಮಗಳ್ರಿ. ಛಾಯಾ.”

ಸೂಜಿ ನಿಂತಿತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹಾಡು, ಕರೆಂಟ್, ಕಡಿದ ನೂಲು, ನನ್ನ ಹೆಸರು ಹಿಡಿ ಎಂದು ಹಟ ಮಾಡಿದ್ದು ನಾನೇ ಎಂಬುದು. ಓಣಿಯ ಇಬ್ಬರು ಹೆಂಗಸರು ನೀರಿನ ಕೊಡ ಇಳಿಸಿ ನಿಂತರು. ನಿಂತರೆ ನಿಲ್ಲಲಿ ಎಂದು ದನಿ ಇನ್ನೂ ಏರಿಸಿದೆ.

ಮುದುಕಿ ಒಳಗೆ ಹೋಗಿ ಭಂಡಾರದ ಚೀಲ ತಂದಳು. “ಇದನ್ನ ಮುಟ್ಟಿ ಹೇಳ.”

ಮುಟ್ಟಿ ಹೇಳಿದೆ. “ನಿಮ್ಮ ಮಗಾ ನನ್ನ ಕಾಡಿಲ್ಲ. ನಾನೂ ಅವನ ಮ್ಯಾಲ ಮನಸ ಇಟ್ಟಿದ್ದೆ. ಸುಳ್ಳ ಹೇಳಿದಾಕಿ ನಾನು.”

ಸೋಮು ಗೋಡೆಗೆ ಆನಿಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದ. ಅವನ ಗಲ್ಲ ಒದ್ದೆಯಾಗಿತ್ತು.

ಸುಗಲಾಬಾಯಿ ಮಗನ ಹತ್ತಿರ ಹೋದಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ನನ್ನ ಹೊಟ್ಟ್ಯಾಗ ಹುಟ್ಟಿದಾಂವನ ನಾ ನಂಬಲಿಲ್ಲಲ್ಲೋ, ಎಪ್ಪಾ,” ಎಂದು ಹಣೆ ಬಡಿದುಕೊಂಡಳು. ಅವನು ಅವಳ ಕೈ ಹಿಡಿದು ತಡೆದ, “ಬಿಡವಾ,” ಎಂದ. ಆಮೇಲೆ ಒಳಗೆ ಹೋಗಿ ಅವಳಿಗೆ ನೀರು ತಂದ. ಮುದುಕಿ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಅವನಿಗೆ ಬೆನ್ನು ಮಾಡಿ ನನ್ನತ್ತ ತಿರುಗಿದಳು. ನನ್ನ ಬರೀ ಹಣೆ ನೋಡಿದಳು.

“ಗಂಡ?”

“ಇಲ್ರಿ. ಆರ ವರ್ಷ ಆತ.”

“ಅಪ್ಪ ಅದಾನ?”

“ಅದಾನ್ರಿ. ನನ್ನ ಮನ್ಯಾಗ ಇರ್ತಾನ. ವಯಸ್ಸ ಆಗ್ಯಾದ, ಸಿಟ್ಟ ಹಂಗ ಅದ.”

“ನನಗೂ ಅದ ಸಿಟ್ಟ,” ಎಂದಳು. “ನಮ್ಮ ಮಂದ್ಯಾಗ ಗಂಡ ಸತ್ತಾಕಿ ಉಡಕಿ ಆಗಿ ಮತ್ತೊಂದ ಮನಿ ತುಂಬೂದ ಏನ ಹೊಸಾದಲ್ಲ. ನನ್ನ ಆಣಿ ಇವತ್ತಿಗಿ ಮುಗೀತ. ಬರೂ ಐತವಾರ ನಿಮ್ಮಪ್ಪನ ಹೊಸ್ತಲಾ ತುಳೀತೇನಿ, ನನ್ನ ಮಗಗ ಹೆಣ್ಣ ಕೇಳಾಕ. ಬರಲ್ಯೋ ಬ್ಯಾಡೋ, ಅದ ಒಂದ ಹೇಳ.”

ಅಪ್ಪ ಏನು ಮಾಡುತ್ತಾನೋ. ಪ್ರಣಿತಾ ಏನು ಅಂದಾಳೋ. ನಲವತ್ತೈದಕ್ಕೆ ಈ ಹುಚ್ಚೇನು ಎಂದು ಅಂಗಡಿ ಸಾಲಿನವರೆಲ್ಲ ನಕ್ಕಾರೋ. ಓಣಿಯ ಹೆಂಗಸರು ಕೊಡ ಎತ್ತದೆ ಕಾಯುತ್ತಿದ್ದರು.

ಸೋಮು ಒಮ್ಮೆ ತಾಯಿಯ ಬೆನ್ನನ್ನೂ ಒಮ್ಮೆ ನನ್ನನ್ನೂ ನೋಡಿದ. “ಅವ್ವ ಏನಂದ್ಲು?”

“ಐತವಾರ ಹೆಣ್ಣ ಕೇಳಾಕ ಬರ್ತಾಳಂತ.”

“ಯಾರ ಮನಿಗಿ?”

“ನಮ್ಮ ಮನಿಗಿ.”

ಅವನು ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ, ಬೆಳಗಿನಿಂದ ಹಿಡಿದಿದ್ದ ‘ರಿ’ಯನ್ನು ಬಿಟ್ಟು, “ನೀ ಏನಂದಿ?” ಎಂದ.

ಇಡೀ ಓಣಿಗೆ ಕೇಳಿಸುವ ಹಾಗೆ ಹೇಳಿದೆ, “ಬರ್ರಿ ಅಂದೆ.”