ಮರದಲ್ಲಿ ಸಿಕ್ಕಿಕೊಂಡ ಗ್ಲೈಡರ್

"ಮಿಸ್, ಸ್ಟಾಪ್‌ವಾಚ್ ನಿಲ್ಲಿಸ್ಬೇಡಿ! ನಂದು ಇನ್ನೂ ನೆಲ ಮುಟ್ಟಿಲ್ಲ!"

ಬೆಂಡೆಕಾಯಿ ಕುಣಿದಾಡುತ್ತಿದ್ದ. ಉದ್ದಕ್ಕೆ, ಸಪೂರಕ್ಕೆ ಇದ್ದ ಅವನಿಗೆ ತರಗತಿಯವರು ಇಟ್ಟ ಹೆಸರದು. ಅವನ ಥರ್ಮಾಕೋಲ್ ಗ್ಲೈಡರ್ ಎರಡೇ ಸೆಕೆಂಡು ಹಾರಿ ಮೈದಾನದಂಚಿನ ಮರಕ್ಕೆ ಸಿಕ್ಕಿಕೊಂಡಿತ್ತು. ಸಿಕ್ಕಿಕೊಂಡು ಆರು ನಿಮಿಷವಾಗಿತ್ತು.

ಚೂಟಿಗೆ ಹೊಟ್ಟೆ ಉರಿಯಿತು. ಅವಳ ಗ್ಲೈಡರ್ ಹನ್ನೊಂದು ಸೆಕೆಂಡು ತೇಲಿ ಮೆತ್ತಗೆ ಇಳಿದಿತ್ತು. ಕಪ್ ಕೈಗೆ ಬಂದಂತೆಯೇ ಇತ್ತು.

"ಮೋಸ ಮಿಸ್! ಅದು ಹಾರ್ತಿಲ್ಲ, ನೇತಾಡ್ತಿದೆ!"

ವಿಜ್ಞಾನದ ಮಿಸ್ ನಿಯಮದ ಚೀಟಿ ಓದಿದರು. "'ಕೈಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಹೊತ್ತು ಲೆಕ್ಕ.' ಇದನ್ನ ಬರ್ದಿದ್ದು ಯಾರಮ್ಮ?"

ಬರೆದವಳು ಚೂಟಿಯೇ. ಹೋದ ವರ್ಷ ಗೆದ್ದವರೇ ಈ ವರ್ಷದ ನಿಯಮ ಬರೆಯುವುದು ಆ ಶಾಲೆಯ ಪದ್ಧತಿ. ಅವಳ ಗ್ಲೈಡರ್ ಹೆಚ್ಚು ಹೊತ್ತು ತೇಲುತ್ತಿತ್ತು. ತಿರುಗು ಅಂದರೆ ಮಾತ್ರ ಎಮ್ಮೆ! ಬೆಂಡೆಕಾಯಿಯದ್ದು ಗಿರಕಿ ಹೊಡೆದು ಅವನ ಕಾಲ ಬಳಿಗೇ ಬರುವುದನ್ನು ಅವಳು ಕದ್ದು ನೋಡಿದ್ದಳು. ಆಮೇಲೆಯೇ ತನಗೆ ಬೇಕಾದ ಹಾಗೆ ನಿಯಮ ಬರೆದದ್ದು. ಅವಳು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೇ ತೂರಿಬಿಟ್ಟಿದ್ದ.

ಶಾಲೆಯ ಜವಾನ ಉದ್ದನೆಯ ಕೋಲು ತಂದ. ಬೆಂಡೆಕಾಯಿ ಕೋಲನ್ನೇ ತಬ್ಬಿಕೊಂಡ. "ಬೇಡ ಅಣ್ಣಾ! ಅದಿನ್ನೂ ಪ್ರಯಾಣದಲ್ಲಿದೆ!"

"ಹಾಗಾದ್ರೆ ನಾವೆಲ್ಲ ನಾಳೆವರೆಗೂ ಕತ್ತೆತ್ತಿಕೊಂಡು ಕೂತಿರೋಣ್ವಾ?" ಮಿಸ್ ಕೇಳಿದರು. "ನಿಜವಾದ ಗ್ಲೈಡರ್ ರೇಸ್‌ನಲ್ಲಿ ಇಂಜಿನ್ ಇಲ್ಲದ ವಿಮಾನಗಳು ದೂರದ ಗುರುತು ಸುತ್ತಿ ಬರ್ತವೆ. ಮರ ಹತ್ತಿ ಕೂತವರಿಗೆ ಯಾರೂ ಕಪ್ ಕೊಡಲ್ಲ. ಇಬ್ಬರೂ ಒಪ್ಪಿದ್ರೆ ಇನ್ನೊಂದು ಸಲ ಆಡೋಣ. ಹೊಸ ನಿಯಮ ಚೂಟಿನೇ ಬರೀಲಿ."

"ಒಪ್ಪಿದೆ ಮಿಸ್. ನಂಗೂ ಕತ್ತು ನೋಯ್ತಿದೆ," ಅಂದ ಬೆಂಡೆಕಾಯಿ.

ಚೂಟಿ ಪೆನ್ನು ಹಿಡಿದಳು. 'ಮರಕ್ಕೆ ಸಿಕ್ಕಿದರೆ ಔಟ್' ಅಂತ ಒಂದು ಸಾಲು ಸೇರಿಸಿದರೆ ಸಾಕಿತ್ತು, ಕಪ್ ಅವಳದೇ. ಆದರೆ ಕೈ ಓಡಲಿಲ್ಲ. ತಾನೇ ತನಗೆ ಬೇಕಾದ ಹಾಗೆ ನಿಯಮ ಬರೆದು, ಅವನದನ್ನು ಮೋಸ ಅಂದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಸರಸರನೆ ಏನೋ ಗೀಚಿ ಚೀಟಿ ಕೊಟ್ಟಳು.

"'ಧ್ವಜದ ಕಂಬ ಸುತ್ತಿ, ಹೊರಟ ಗೆರೆಗೇ ವಾಪಸ್ ಬರಬೇಕು,'" ಮಿಸ್ ಓದಿದರು.

ಬೆಂಡೆಕಾಯಿ ಕಣ್ಣರಳಿಸಿದ. "ಲೇ ಚೂಟಿ, ನಿಂದು ತಿರುಗೋದೇ ಇಲ್ವಲ್ಲೇ!"

"ಗೊತ್ತು ಕಣೋ. ಮೊದ್ಲು ನಿಂದನ್ನ ಕೆಳಗಿಳಿಸು."

ಚೂಟಿಯ ಗ್ಲೈಡರ್ ಕಂಬದತ್ತ ತಿರುಗಿಯೂ ನೋಡದೆ ಸೀದಾ ಕಾಂಪೌಂಡ್ ಹಾರಿ ಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆಂಡೆಕಾಯಿಯದ್ದು ಕಂಬವನ್ನು ಸುತ್ತಿತು, ಓಲಾಡಿತು, ಬಂದು ಗೆರೆಯ ಮೇಲೇ ಕುಳಿತಿತು. ಚೂಟಿಗೆ ಅಳು ಬಂದಂತಾಯಿತು. ಆದರೂ ಆ ತಿರುವು ಎಷ್ಟು ಚೆನ್ನಾಗಿತ್ತೆಂದರೆ ಅವಳ ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿದವು.

ಕಪ್ ಹಿಡಿದು ಬಂದ ಬೆಂಡೆಕಾಯಿಯ ಪಕ್ಕದಲ್ಲಿ ಅವಳು ಕುಕ್ಕರಗಾಲಲ್ಲಿ ಕುಳಿತಳು.

"ಹಾಗೆ ತಿರುಗೋಕೆ ಬಾಲ ಎಷ್ಟು ಬಗ್ಗಿಸಿದ್ದೀಯೋ? ತೋರಿಸು."